ನಾಲ್ಕನೆಯ ದೆವ್ವ ಬರಲಿ
ಅಂಕಲಿಯ ಹಿಟ್ಟಿನ ಗಿರಣಿಯ ರಾಜಮತಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಾವಿ ದೆವ್ವದ ಹಿಂದಿ ಸಿನಿಮಾ ಮೂರು ಬಂದು ನಿಂತುಹೋದವು. ತೊಂಬತ್ತೆರಡನೆಯ ಇಸವಿ ಬಂದರೂ ನಾಲ್ಕನೆಯದರ ಸುದ್ದಿಯಿಲ್ಲ. ಚಿಕ್ಕೋಡಿ ಬಸ್ಸು ಕಂಡರೆ ಸಾಕು, ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ, "ಟಾಕೀಜಿನ್ಯಾಗ ಹೊಸಾ ಪೋಸ್ಟರ್ ಹಚ್ಯಾರೇನ್ರಿ?" ಎಂದು ಕಂಡಕ್ಟರನನ್ನು ಕೇಳುತ್ತಾಳೆ. ಜೋಳ ಬೀಸಿಸಲು ಬಂದವರಿಗೆಲ್ಲ ಅದೇ ಪುರಾಣ: "ಮೂರನೇದ್ರಾಗ ದೆವ್ವದ ಕಡಿಂದ ಹಾಡ ಹಾಡ್ಸಿ ಕೆಡಿಸ್ಯಾರ. ಮತ್ತ ಮೊದಲಿಂದ ತಗೀಬೇಕ್ರಿ. ಬರೇ ಬಾವಿ ಗಡಗಡಿ ತಿರಗೋ ಸಪ್ಪಳಕ್ಕ ಎದಿ ಝಲ್ ಅನಬೇಕು!" "ನಿನಗ ಅಂಜಿಕಿ ಬರೂದಿಲ್ಲೇನ, ರಾಜಕ್ಕಾ?" ಎಂದು ನೆರೆಮನೆಯ ಸೋನಾಬಾಯಿ ಒಮ್ಮೆ ಕೇಳಿದಳು. ಮೂಲೆಯಲ್ಲಿ ಗಿರಣಿಯ ಬೆಲ್ಟು ಸರಿಪಡಿಸುತ್ತಿದ್ದ ಗಂಡ ಭೀಮಗೊಂಡನತ್ತ ನೋಡಿ ರಾಜಮತಿ ದನಿ ತಗ್ಗಿಸಿದಳು: "ನನಗೆಲ್ಲಿ ಅಂಜಿಕಿ? ಅವರು ಅಂಜತಾರ. ಲಗ್ನ ಆದಾಗಿಂದ ನನ್ನ ಕೈ ಹಿಡದದ್ದು ಟಾಕೀಜಿನ್ಯಾಗ ಆ ಮೂರ ಸಲಾನ."