ಅತ್ತೆ ಬೇಯಿಸಿದ ಹಣ್ಣಿನ ಬ್ರೆಡ್ಡು

ಅಟ್ಟದ ಮೇಲೆ ಸದಾ ಓಡಾಡುತ್ತಿದ್ದ ಇಲಿಗಳು ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸಿದ್ದವು. ಹೊಳೆನರಸೀಪುರದಲ್ಲಿ ಇದರ ಅರ್ಥ ಮಕ್ಕಳಿಗೂ ಗೊತ್ತಿತ್ತು. ಇಲಿ ಬಿತ್ತೆಂದರೆ ಪ್ಲೇಗು. ಪ್ಲೇಗೆಂದರೆ ಮನೆಗೆ ಬೀಗ ಜಡಿದು ಊರಾಚೆಯ ಜೋಪಡಿಗೆ ಹೋಗುವುದು. ಹಿಂದಿನ ಬೀದಿ ಆಗಲೇ ಖಾಲಿ. ಅಪ್ಪ ಬೆಳಗ್ಗೆಯೇ ನಮ್ಮ ಹೊಲದಲ್ಲಿ ಸೋಗೆಯ ಜೋಪಡಿ ಹಾಕಿಸಲು ಹೋಗಿದ್ದರು.

ಅಂಥ ದಿನ ನಮ್ಮ ಅಡುಗೆಮನೆಯಲ್ಲಿ ಬ್ರೆಡ್ಡು ಬೇಯುತ್ತಿತ್ತು. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೆರಿಗೆಗೆ ಬಂದಿದ್ದ ಅಕ್ಕ ತುಂಬು ಗರ್ಭಿಣಿ, ಅವಳಿಗೆ ಅತ್ತೆ ಮಾಡುವ ಹಣ್ಣಿನ ಬ್ರೆಡ್ಡೇ ಬೇಕಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ನಮ್ಮ ಜೊತೆಗೇ ಇದ್ದಳು, ಮಕ್ಕಳಿರಲಿಲ್ಲ. ನನ್ನ ಅಕ್ಕನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಅವಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಗಟ್ಟಿಯಾಗಿ ನಂಬಿದ್ದಳು.

ಅತ್ತೆ ಹಾಸನದಲ್ಲಿದ್ದಾಗ ಪಕ್ಕದ ಮನೆಯ ನರ್ಸಮ್ಮನಿಂದ ಈ ಬ್ರೆಡ್ಡು ಮಾಡುವುದನ್ನು ಕಲಿತಿದ್ದಳು. ಮೊಟ್ಟೆ ಬಿಟ್ಟು ಹುಳಿ ಮಜ್ಜಿಗೆ, ಸೋಡಾ ಹಾಕುತ್ತಿದ್ದಳು. ಮೈದಾ ಹಿಟ್ಟಿಗೆ ಬೆಲ್ಲ, ಖರ್ಜೂರ, ದ್ರಾಕ್ಷಿ, ಗೋಡಂಬಿ. ದೊಡ್ಡ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರೊಳಗೆ ಹಿಟ್ಟಿನ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಬೇಕು. ನಡುವೆ ಮುಚ್ಚಳ ತೆಗೆದರೆ ಬ್ರೆಡ್ಡು ಕುಸಿಯುತ್ತದೆ.

ಮನೆಯೆಲ್ಲ ಬೆಲ್ಲದ ಘಮ ಹರಡಿತ್ತು. ಆಗ ಸೌದೆ ಮೂಲೆಯಿಂದ ಒಂದು ಇಲಿ ಹೊರಬಂತು. ನಮ್ಮನ್ನು ಕಂಡರೂ ಓಡಲಿಲ್ಲ. ತೂರಾಡುತ್ತಾ ಒಲೆಯವರೆಗೆ ಬಂದು ಮಗ್ಗುಲಾಗಿ ಬಿತ್ತು.

"ಅಯ್ಯೋ ಶಿವನೇ!" ಎಂದು ಅಮ್ಮ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದಳು. "ಅತ್ತಿಗೆ, ಅದನ್ನ ಅಂಗೇ ಬುಟ್ಟು ಬನ್ನಿ, ನಿಮ್ ದಮ್ಮಯ್ಯ!"

"ಮಗೀನ್ ಕರ್ಕೊಂಡು ನೀವು ಓಗಿ. ಇದು ಬೇಯ್ದೆ ನಾ ಬರಾಕಿಲ್ಲ ಕಣೆ," ಎಂದಳು ಅತ್ತೆ. ಎಂಥ ಹಟಮಾರಿ ಹೆಂಗಸು! ಬಾಗಿಲಲ್ಲಿ ನಾನು ತಿರುಗಿ ನೋಡಿದಾಗ ಇಲಿಯ ಬಾಲ ಹಿಡಿದುಕೊಂಡು, ಅದನ್ನು ಸುಡಲು ಸೀಮೆಎಣ್ಣೆ ಬುಡ್ಡಿಯೊಂದಿಗೆ ಹಿತ್ತಲಿಗೆ ಹೊರಟಿದ್ದಳು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಮಧ್ಯಾಹ್ನ ಅತ್ತೆ ಬ್ರೆಡ್ಡನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಬಂದಳು. ಇನ್ನೂ ಬಿಸಿಯಾಗಿತ್ತು. ಅಮ್ಮನ ಕೈಗೆ ಕೊಟ್ಟು ಸ್ನಾನಕ್ಕೆ ಹೊಳೆಗೆ ಹೋದಳು. ಅವಳು ಮರೆಯಾದದ್ದೇ ತಡ, ಇಲಿ ಬಿದ್ದ ಮನೆಯ ಅನ್ನ ಬಸುರಿಗೆ ಬೇಡವೆಂದು ಅಪ್ಪ ಬದುವಿನ ಆಚೆ ಗುಂಡಿ ತೋಡಿ ಬಟ್ಟೆ ಸಮೇತ ಅದನ್ನು ಹೂತರು. ಅಕ್ಕ ನೋಡುತ್ತಾ ನಿಂತಿದ್ದಳು.

ಕೆಲವು ದಿನಕ್ಕೆ ಅತ್ತೆಗೆ ಚಳಿಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಯಾರೂ ಹೇಳುವ ಮೊದಲೇ ಅವಳು ಚಾಪೆ ಸುತ್ತಿಕೊಂಡು ಹೊಲದ ಆ ತುದಿಯ ಕಾವಲು ಗುಡಿಸಲಿಗೆ ಹೋದಳು. ಅಪ್ಪ ಗಂಜಿಯನ್ನು ದೂರದಲ್ಲಿಟ್ಟು ಬರುತ್ತಿದ್ದರು. ನಾವು ಅತ್ತ ಸುಳಿಯುವಂತಿರಲಿಲ್ಲ.

ಒಂದು ಸಂಜೆ ಅಲ್ಲಿಂದ ಅವಳ ದನಿ ಕೇಳಿತು. "ಮಗಾ, ಬ್ರೆಡ್ಡು ಒಳ್ಗೆ ಬೆಂದಿತ್ತೇನವ್ವಾ?"

ಅಕ್ಕ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು. "ಬೆಂದಿತ್ತು ಅತ್ತೆ! ಬಲೇ ಚೆಂದಾಗಿತ್ತು!"

ಅತ್ತೆ ಮತ್ತೆ ಕೂಗಿದಳು. "ನಂಗೊಂದ್ ಚೂರು ಮಡಗಿದ್ದೀಯಾ? ಬಾಯೆಲ್ಲ ಕಯಿ ಕಯಿ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ.

"ಇಲ್ಲ ಅತ್ತೆ. ಎಲ್ಲಾನೂ ನಾನೇ ತಿಂದ್ಬುಟ್ಟೆ!"

"ಒಟ್ಟೆಬಾಕಿ!" ಎಂದು ಅತ್ತೆ ನಕ್ಕಳು. ಅವಳು ಅಷ್ಟು ಖುಷಿಯಿಂದ ನಕ್ಕದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮರುದಿನ ಬೆಳಗ್ಗೆ ಅಪ್ಪ ಹೋದಾಗ, ರಾತ್ರಿ ಇಟ್ಟಿದ್ದ ಗಂಜಿ ಹಾಗೇ ಇತ್ತು.