ಮೀನಿಗೆ ಹಾಕಿದ ನಲ್ಲಿ

ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮೀನಣ್ಣ ಎಂದೇ ಕರೆಯುತ್ತಿದ್ದರು. ಅವನು ಮೀನು ಹಿಡಿಯುವವನಲ್ಲ, ಮಾರುವವನಲ್ಲ, ತಿನ್ನುವವನಂತೂ ಅಲ್ಲವೇ ಅಲ್ಲ. ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ಕೊಳೆನೀರನ್ನು ಶುದ್ಧ ಮಾಡುವ ತೊಟ್ಟಿಗಳು ಕಾರ್ಖಾನೆಯ ಹಿಂದೆ ಸಾಲಾಗಿದ್ದವು. ಅವುಗಳ ತಳದಲ್ಲಿ ಕೂರುವ ರಾಡಿಯನ್ನು ಬಾಚಿ ತೆಗೆಯುವುದು ಅವನ ಕೆಲಸ. ಸಾಲಿನ ಕೊನೆಯಲ್ಲಿ, ನೀರು ಕಾಲುವೆಗೆ ಇಳಿಯುವ ಗುಂಡಿಯ ಪಕ್ಕದಲ್ಲಿ, ಗಾಜಿನ ದೊಡ್ಡ ತೊಟ್ಟಿಯೊಂದಿತ್ತು. ಅದರೊಳಗೆ ಕೆಂಪು, ಹಳದಿ, ಬಿಳಿ ಮೀನುಗಳು. ಮೇಲೊಂದು ಹಲಗೆ: ‘ನಾವು ಶುದ್ಧಗೊಳಿಸಿದ ನೀರಿನಲ್ಲಿ ಬದುಕುತ್ತಿರುವ ಮೀನುಗಳು.’ ಸರ್ಕಾರದ ಇಲಾಖೆಯವರು ತಪಾಸಣೆಗೆ ಬಂದಾಗ, ಹೊರಗಿನ ವ್ಯಾಪಾರಿಗಳು ಬಂದಾಗ, ಶಾಲೆಯ ಮಕ್ಕಳನ್ನು ಕರೆತಂದಾಗ, ಎಲ್ಲರನ್ನೂ ಕೊನೆಗೆ ನಿಲ್ಲಿಸುತ್ತಿದ್ದುದು ಆ ತೊಟ್ಟಿಯ ಮುಂದೆ.

ಮೀನು ನೋಡಿಕೊಳ್ಳುವುದು ಅವನ ಪಾಲಿಗೆ ಬಂದದ್ದು ಬೇರೆ ಯಾರೂ ಒಪ್ಪದ ಕಾರಣಕ್ಕೆ. ಒಪ್ಪಿಕೊಂಡ ಮೇಲೆ ಅದೇ ಅವನ ಜೀವವಾಯಿತು. ರಾಡಿಯಲ್ಲಿ ಮೊಣಕಾಲವರೆಗೆ ನಿಂತು ದಣಿದವನು ಕೈಕಾಲು ತೊಳೆದು ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತರೆ, ಮೀನುಗಳು ಅವನ ಬೆರಳು ಹೋದ ಕಡೆಗೆಲ್ಲ ತೇಲಿ ಬರುತ್ತಿದ್ದವು. ಬಣ್ಣದ ವಿಭಾಗದವರು ಹಿಂದಿನಿಂದ ರೇಗಿಸುತ್ತಿದ್ದರು.

“ಏನಣ್ಣ, ನಿನ್ನ ಮೀನಿಗೂ ಪಿಎಫ್ ಹಿಡೀತಾರಾ?”

“ಹಿಡಿಯೋಕೆ ಅವು ಸಂಬಳಾನೇ ಕೇಳಲ್ಲ. ರಜಾನೂ ಕೇಳಲ್ಲ. ಅದಕ್ಕೇ ಸಾಹೇಬರಿಗೆ ನಿಮಗಿಂತ ಅವೇ ಇಷ್ಟ.”

ಇಂಥ ಮಾತಿಗೆ ಅವನೆಂದೂ ಸಿಟ್ಟಾದವನಲ್ಲ. ಹುಟ್ಟಿದಾಗಿನಿಂದ ಅವನು ಮೆತ್ತಗಿನ ಮನುಷ್ಯ. ಅಕ್ಕನ ಮಡಿಲಲ್ಲಿ ಬೆಳೆದದ್ದಕ್ಕೆ ಹಾಗಾಯಿತೋ ಏನೋ. ತಾಯಿ ತೀರಿಕೊಂಡಾಗ ಅವನಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲವಂತೆ. ಅಕ್ಕ ಆಗಿನ್ನೂ ಹುಡುಗಿ. ಅವನನ್ನು ಸೊಂಟದಲ್ಲಿ ಕೂರಿಸಿಕೊಂಡೇ ನಾಲ್ಕು ಮನೆಯ ಬಟ್ಟೆ ಒಗೆದಳು. ದೊಡ್ಡವಳಾದ ಮೇಲೂ ಅದೇ ಕೆಲಸ. ಲಾಡ್ಜಿನ ಹಾಸುಗಳು, ಆಸ್ಪತ್ರೆಯ ಹೊದಿಕೆಗಳು ಗಂಟುಗಂಟಾಗಿ ಅವಳ ಬಾಗಿಲಿಗೆ ಬರುತ್ತಿದ್ದವು. ಕಾರ್ಖಾನೆಯಿಂದ ಸ್ವಲ್ಪ ಕೆಳಗೆ, ಅದೇ ಕಾಲುವೆಯ ದಡದಲ್ಲಿ, ಬಟ್ಟೆ ಒಗೆಯುವವರ ಕಲ್ಲುಗಳ ಸಾಲಿತ್ತು. ಅದರಲ್ಲಿ ಮೊದಲ ಕಲ್ಲು ಅವಳದು.

ಮೀನು ತಂದು ಬಿಟ್ಟ ಹೊಸದರಲ್ಲಿ ಕಾರ್ಖಾನೆಯವರು ಸುತ್ತಲಿನ ಜನರನ್ನು ಕರೆದು ಎಲ್ಲವನ್ನೂ ತೋರಿಸಿದರು. ಅಕ್ಕ ಒಗೆದ ಸೀರೆ ಉಟ್ಟು ಬಂದಳು. ಉಳಿದವರು ಯಂತ್ರ ನೋಡಿದರೆ ಅವಳು ಮೀನನ್ನೇ ನೋಡಿದಳು. “ಇವನ್ನೆಲ್ಲ ನೀನೇ ನೋಡ್ಕೊಳ್ಳೋದಾ?” ಎಂದು ಕೇಳಿ, ಅವನು ಹೌದೆಂದಾಗ ಸುತ್ತಲಿನವರ ಮುಖವನ್ನೊಮ್ಮೆ ನೋಡಿದಳು. ಅಂದಿನಿಂದ ಕಲ್ಲಿನ ಸಾಲಿನಲ್ಲಿ ನೀರಿನ ಬಣ್ಣದ ಬಗ್ಗೆ ಯಾರಾದರೂ ಗೊಣಗಿದರೆ ಅವಳದು ಒಂದೇ ಉತ್ತರ: ನನ್ನ ತಮ್ಮನ ಮೀನು ಬದುಕಿರುವ ನೀರು ಇದು.

ಆಗ ಅದು ನಿಜವೇ ಆಗಿತ್ತು. ಕೊನೆಯ ತೊಟ್ಟಿಯ ನೀರೇ ಸಣ್ಣ ಕೊಳವೆಯಲ್ಲಿ ಗಾಜಿನ ತೊಟ್ಟಿಗೆ ಬರುತ್ತಿತ್ತು.

ಆಮೇಲೆ ಕಾರ್ಖಾನೆಗೆ ಕಡುಬಣ್ಣದ ದೊಡ್ಡ ಆರ್ಡರು ಸಿಕ್ಕಿತು. ಕೊಳೆನೀರು ಹೆಚ್ಚಾಯಿತು, ತೊಟ್ಟಿಗಳು ಅಷ್ಟೇ ಇದ್ದವು. ನೀರಿಗೆ ಗಾಳಿ ಊದುವ ಯಂತ್ರ ವಿಪರೀತ ಕರೆಂಟು ತಿನ್ನುತ್ತದೆ ಎಂದು ಅದನ್ನು ಬಹಳ ಹೊತ್ತು ನಿಲ್ಲಿಸತೊಡಗಿದರು. ಒಂದು ಬೆಳಿಗ್ಗೆ ಮೀನಣ್ಣ ಬಂದು ನೋಡಿದಾಗ ಬಿಳಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮರುದಿನ ಇನ್ನೆರಡು. ಉಳಿದವು ಬಾಯಿ ತೆರೆದುಕೊಂಡು ಮೇಲಕ್ಕೆ ಬಂದು ಏದುಸಿರು ಬಿಡುತ್ತಿದ್ದವು. ಬಕೆಟ್ಟಿನಲ್ಲಿ ಅವನ್ನು ತುಂಬಿಕೊಂಡು ಕ್ಯಾಂಟೀನಿನ ನಲ್ಲಿಯ ಹತ್ತಿರ ಓಡಿದ. ಒಳ್ಳೆಯ ನೀರು ಬಿದ್ದ ಸ್ವಲ್ಪ ಹೊತ್ತಿಗೆ ಅವು ಬಾಲ ಅಲ್ಲಾಡಿಸಿದವು.

ಅಲ್ಲಿಂದ ನೇರವಾಗಿ ಮ್ಯಾನೇಜರ ಕೋಣೆಗೆ ಹೋದ. ಆ ಕೋಣೆಗೆ ಅವನಾಗಿಯೇ ಹೋದದ್ದು ಅದೇ ಮೊದಲು. ಮೀನುಗಳು ಸಾಯುತ್ತಿವೆ ಸಾಹೇಬರೇ, ಕ್ಯಾಂಟೀನಿನ ನಲ್ಲಿಯಿಂದ ಒಂದು ಪೈಪು ಎಳೆಸಿಕೊಡಿ, ನಾನೇ ನೆಲ ಅಗೆಯುತ್ತೇನೆ ಎಂದು ಬೇಡಿಕೊಂಡ. ಮ್ಯಾನೇಜರು ಕೆಟ್ಟ ಮನುಷ್ಯನೇನಲ್ಲ. ಮೇಲಿನವರ ಒತ್ತಡ ಒಂದು ಕಡೆ, ಇಲಾಖೆಯ ಭಯ ಇನ್ನೊಂದು ಕಡೆ, ನಡುವೆ ಹಪ್ಪಳವಾಗಿದ್ದ. ಸತ್ತ ಮೀನನ್ನು ಯಾರಾದರೂ ನೋಡಿದರೆ ಏನು ಗತಿ ಎಂಬ ಚಿಂತೆಯಲ್ಲೇ ಇದ್ದವನಿಗೆ ಕೇಳದೆಯೇ ವರ ಸಿಕ್ಕಂತಾಯಿತು. ಕೊಳಾಯಿ ರಿಪೇರಿಯವನು ಅಂದೇ ಬಂದ. ಪೈಪು ನೆಲದಡಿ ಸೇರಿತು, ಮೇಲೆ ಸಿಮೆಂಟು ಬಿತ್ತು. ಹಲಗೆ ಇದ್ದಲ್ಲೇ ಇತ್ತು.

ಮೀನುಗಳು ಮತ್ತೆ ಮಿಂಚಿದವು. ಆ ವರ್ಷ ಕಂಪನಿಯವರು ಹೊರತಂದ ಪುಸ್ತಕದಲ್ಲಿ ‘ಸಾಮಾಜಿಕ ಹೊಣೆಗಾರಿಕೆ’ ಎಂಬ ಪುಟದಲ್ಲಿ, ಗಿಡ ನೆಡುತ್ತಿರುವ ಮಾಲೀಕರ ಚಿತ್ರದ ಕೆಳಗೆ, ಗಾಜಿನ ತೊಟ್ಟಿಯ ಪಕ್ಕ ನಗುತ್ತಿರುವ ಮೀನಣ್ಣನ ಚಿತ್ರವೂ ಬಂತು. ಅಕ್ಕ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಳು.

ಪೈಪು ಹಾಕಿಸಿದ ಸಂಗತಿಯನ್ನು ಅವನು ಮನೆಯಲ್ಲಿ ಹೆಂಡತಿಗೆ ಸಂತೋಷದಿಂದಲೇ ಹೇಳಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. “ಹಾಗಾದ್ರೆ ಮೀನು ಸತ್ತ ನೀರು ನಿಮ್ಮಕ್ಕನ ಕಲ್ಲಿನ ಹತ್ರ ತಾನೇ ಹೋಗೋದು?” ಎಂದು ಕೇಳಿದಳು. ಕಾಲುವೆ ದೊಡ್ಡದು, ಹರಿಯುವ ನೀರಿಗೆ ಬಿದ್ದದ್ದೆಲ್ಲ ಎಲ್ಲೋ ಹೋಗಿಬಿಡುತ್ತದೆ ಎಂದ. ಹೆಂಡತಿ ಮತ್ತೆ ಕೇಳಲಿಲ್ಲ. ಅವನು ತನಗೆ ತಾನೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ನಲ್ಲಿ ಕಿತ್ತುಹಾಕಬೇಕಿತ್ತು, ಇಲ್ಲವೇ ಬಾಯಿ ಬಿಡಬೇಕಿತ್ತು. ಎರಡಕ್ಕೂ ಅವನಲ್ಲಿ ಎದೆಗಾರಿಕೆ ಇರಲಿಲ್ಲ.

ಅಕ್ಕನ ಕೈಗೆ ಮೊದಲು ತುರಿಕೆ ಬಂತು. ಸೋಪಿನಿಂದ ಇರಬೇಕು ಎಂದುಕೊಂಡು ಸೋಪು ಬದಲಿಸಿದಳು. ಆಮೇಲೆ ಬೆರಳ ಸಂದಿಯ ಚರ್ಮ ಸುಲಿಯಿತು, ಉಗುರು ಕಪ್ಪಾಯಿತು. ಬ್ಲೀಚಿಂಗ್ ಪುಡಿಯನ್ನು ಬೈದಳು. ತನ್ನ ವಯಸ್ಸನ್ನು ಬೈದಳು. ನೀರನ್ನು ಮಾತ್ರ ಬೈಯಲಿಲ್ಲ. ಅವನು ಬಂದಾಗಲೆಲ್ಲ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, “ಮೀನು ಹೇಗಿವೆಯೋ?” ಎಂದು ಕೇಳುತ್ತಿದ್ದಳು.

“ಚೆನ್ನಾಗಿವೆ ಅಕ್ಕ.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವನು ಅದನ್ನೇ ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದ.

ಸಾಲಿನಲ್ಲಿ ಉಳಿದವರ ಕೈಕಾಲಿಗೂ ಹುಣ್ಣಾಗತೊಡಗಿತು. ಕೆಲವರು ಕೆಲಸ ಬಿಟ್ಟರು. ಇಸ್ತ್ರಿ ಹಾಕುವ ಮುದುಕನೊಬ್ಬ ಎಲ್ಲರನ್ನೂ ಸೇರಿಸಿ ಇಲಾಖೆಗೆ ದೂರು ಕೊಡಿಸಿದ. ಅವನನ್ನು ಊರೆಲ್ಲ ಇಸ್ತ್ರಿ ಮಾವ ಎನ್ನುತ್ತಿತ್ತು. ಅಕ್ಕ ಮಾತ್ರ ದೂರಿಗೆ ಹೆಬ್ಬೆಟ್ಟು ಒತ್ತಲಿಲ್ಲ. ಮಾವ ಮನೆಯವರೆಗೂ ಬಂದು ಕೇಳಿದಾಗ ಅವಳು ಅವನನ್ನು ಸರಿಯಾಗಿ ಝಾಡಿಸಿದಳು. ನನ್ನ ತಮ್ಮನ ಅನ್ನಕ್ಕೆ ಮಣ್ಣು ಹಾಕಲು ಬಂದೆಯಾ ಎಂದಳು. ಅಂದಿನಿಂದ ಕಲ್ಲಿನ ಸಾಲಿನಲ್ಲಿ ಅವಳ ಜೊತೆ ಮಾತಾಡುವವರು ಇಲ್ಲವಾದರು.

ತಪಾಸಣೆಗೆ ಬರುವ ಮೊದಲು ಕಾರ್ಖಾನೆಗೆ ತಿಳಿಸಬೇಕು ಎಂಬುದು ಇಲಾಖೆಯಲ್ಲಿ ನಡೆದುಬಂದ ರೀತಿ. ಅದರಂತೆ ತಿಳಿಸಿದರು. ಬಣ್ಣದ ಕೆಲಸಕ್ಕೆ ಬಿಡುವು ಸಿಕ್ಕಿತು, ಗಾಳಿ ಯಂತ್ರ ಹಗಲೂ ರಾತ್ರಿ ಓಡಿತು, ತೊಟ್ಟಿಗಳು ತೊಳೆದಿಟ್ಟ ತಟ್ಟೆಯಂತಾದವು. ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಮರ್ಯಾದೆಯಿಂದ ಮಾತಾಡುವವಳು. ದೂರು ಕೊಟ್ಟವರನ್ನೂ ಒಳಗೆ ಕರೆಸಿ ಎಂದು ಹಟ ಹಿಡಿದಳು. ಅವರ ಜೊತೆ, ದೂರು ಕೊಡದಿದ್ದರೂ, ಅಕ್ಕನೂ ಬಂದಳು.

ಅಧಿಕಾರಿ ಬಾಟಲಿಯಲ್ಲಿ ನೀರು ಹಿಡಿದುಕೊಂಡಳು. ಅದು ತಿಳಿಯಾಗಿತ್ತು. ಆಮೇಲೆ ಮ್ಯಾನೇಜರು ಎಂದಿನಂತೆ ಎಲ್ಲರನ್ನೂ ಗಾಜಿನ ತೊಟ್ಟಿಯ ಮುಂದೆ ತಂದು ನಿಲ್ಲಿಸಿದ. ಮೀನುಗಳು ಮೀನಣ್ಣನನ್ನು ಕಂಡು ಗಾಜಿಗೆ ಮೂತಿ ಒತ್ತಿದವು. ಇದು ನಾಟಕ ಮೇಡಂ ಎಂದ ಇಸ್ತ್ರಿ ಮಾವ. ಏನಾದರೂ ಆಧಾರ ಇದೆಯೇ ಎಂದು ಅಧಿಕಾರಿ ಕೇಳಿದಳು. ಮಾವ ತನ್ನ ಕಾಲಿನ ಹುಣ್ಣು ತೋರಿಸಿದ. ಅದು ಈ ನೀರಿನಿಂದಲೇ ಬಂತು ಎಂದು ಹೇಗೆ ಹೇಳುವುದು ಎಂದು ಅವಳು ಬೇಸರದಿಂದಲೇ ಕೇಳಿದಳು.

ಆಗ ಅಕ್ಕ ಮುಂದೆ ಬಂದಳು.

“ನಾನು ಇವನ ಅಕ್ಕ ಮೇಡಂ. ಎತ್ತಿ ಆಡಿಸಿದವಳು. ಇವನ ಬಾಯಲ್ಲಿ ಸುಳ್ಳು ಬರಲ್ಲ. ಇವರಿಗೆಲ್ಲ ನಂಬಿಕೆ ಇಲ್ಲ ಅಂದ್ರೆ ನೋಡ್ಲಿ.”

ಹೀಗೆಂದವಳು ನೀರು ಹೊರಬೀಳುವ ಗುಂಡಿಯ ಬಳಿ ಬಗ್ಗಿ, ಮಡಚಲೂ ಬಾರದ, ಬಿಡಿಸಲೂ ಬಾರದ ಆ ಬೆರಳುಗಳನ್ನು ಬೊಗಸೆ ಮಾಡಿ ನೀರು ತುಂಬಿದಳು. ಅರ್ಧ ಸಂದಿಯಲ್ಲಿ ಸೋರಿಹೋಯಿತು. ಉಳಿದದ್ದನ್ನು ಬಾಯಿಯ ಹತ್ತಿರ ತಂದಳು.

ಅಂದಿನ ನೀರು ಕುಡಿದಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲವೋ ಏನೋ. ಮೀನಣ್ಣ ಅದನ್ನೆಲ್ಲ ಯೋಚಿಸಲಿಲ್ಲ. ಓಡಿ ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡ. ಎಷ್ಟೋ ತಿಂಗಳ ಮೇಲೆ ಅವನು ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದ್ದು.

“ಬೇಡಕ್ಕ,” ಎಂದ. “ಮೀನು ಈ ನೀರಲ್ಲಿಲ್ಲ. ತೊಟ್ಟೀಲಿರೋದು ಕ್ಯಾಂಟೀನಿನ ನಲ್ಲಿ ನೀರು. ಪೈಪು ನಾನೇ ಹಾಕ್ಸಿದ್ದು.”

ಅಧಿಕಾರಿ ನಿಧಾನವಾಗಿ ತೊಟ್ಟಿಯ ಹಿಂದೆ ಹೋಗಿ ನೆಲದ ಸಿಮೆಂಟು ನೋಡಿದಳು. ಮ್ಯಾನೇಜರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಅಕ್ಕ ಬೊಗಸೆ ಬಿಡಿಸಿ ಕೈಯನ್ನು ಸೆರಗಿಗೆ ಒರೆಸಿದಳು. ತಮ್ಮನನ್ನು ನೋಡಲಿಲ್ಲ. ಇಸ್ತ್ರಿ ಮಾವನನ್ನೂ ನೋಡಲಿಲ್ಲ. ಬಂದ ದಾರಿಯಲ್ಲೇ ಒಬ್ಬಳೇ ನಡೆದು ಹೋದಳು.

ಬಣ್ಣದ ವಿಭಾಗಕ್ಕೆ ಬೀಗ ಬಿತ್ತು. ಮೀನಣ್ಣನ ಕೆಲಸ ಅಂದೇ ಹೋಯಿತು. ಬೀಗದಿಂದ ಮನೆಯಲ್ಲಿ ಕೂರಬೇಕಾದವರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಪಿಎಫ್ ಎಂದು ರೇಗಿಸುತ್ತಿದ್ದವನೇ, ನಿನಗೆ ಅಷ್ಟು ದಿನ ಇಲ್ಲದ ಸತ್ಯ ಅವತ್ತೇ ಬರಬೇಕಿತ್ತಾ ಎಂದು ಕೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಹಲವು ದಿನ ಬಿಟ್ಟು ಮೀನಣ್ಣ ಮುಲಾಮು ಹಿಡಿದುಕೊಂಡು ಅಕ್ಕನ ಮನೆಗೆ ಹೋದ. ಅವಳು ಬಾಗಿಲು ತೆಗೆದಳು, ತಟ್ಟೆ ಹಾಕಿದಳು, ಎಂದಿನಂತೆ ಅವನಿಗೆ ಜಾಸ್ತಿಯೇ ಬಡಿಸಿದಳು. ಗೋಡೆಯ ಚಿತ್ರ ಅಲ್ಲೇ ಇತ್ತು. ಅದನ್ನು ಕಿತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಊಟ ಮುಗಿದ ಮೇಲೆ ಅವನು ಅಳುತ್ತ ತಪ್ಪಾಯಿತು ಎಂದ. ಕೆಲಸ ಹೋಗುವ ಭಯಕ್ಕೆ ಸುಮ್ಮನಿದ್ದೆ ಎಂದ. ಅವಳು ತಟ್ಟೆ ಎತ್ತಿಟ್ಟಳು.

“ಮೀನು ಒದ್ದಾಡಿದ್ದು ನೋಡೋಕಾಗದೆ ಅವಕ್ಕೊಂದು ನಲ್ಲಿ ಹಾಕಿಸ್ದೆ,” ಎಂದಳು. “ನನಗೆ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೋ.”

ದನಿಯಲ್ಲಿ ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇರಲಿಲ್ಲ.

ಕಂಪನಿ ದಂಡ ಕಟ್ಟಿತು. ಹೊಸ ತೊಟ್ಟಿ ಕಟ್ಟಿಸುವುದಾಗಿ ಬರೆದುಕೊಟ್ಟು ಬೀಗ ತೆಗೆಸಿಕೊಂಡಿತು. ಆ ಅಧಿಕಾರಿಗೆ ಅಷ್ಟರಲ್ಲಿ ಬೇರೆ ಕಡೆಗೆ ವರ್ಗವಾಗಿತ್ತು. ಕಾಲುವೆಯಿಂದ ದೂರದಲ್ಲಿ, ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ, ಒಗೆಯುವವರಿಗೆ ನಲ್ಲಿಗಳಿರುವ ಒಂದು ಶೆಡ್ಡು ಎದ್ದಿತು. ಮಾಲೀಕರು ಬಂದು ಟೇಪು ಕತ್ತರಿಸಿದರು, ಚಪ್ಪಾಳೆ ಬಿತ್ತು. ಗೋಡೆಯ ಕಲ್ಲಿನಲ್ಲಿ ಕಂಪನಿಯ ಹೆಸರು ಕೆತ್ತಿದ್ದರು. ಯಾಕೆ ಈ ಶೆಡ್ಡು ಕಟ್ಟಬೇಕಾಯಿತು ಎಂದು ಕೆತ್ತಿರಲಿಲ್ಲ.

ಅಲ್ಲಿಗೆ ಹೋಗುತ್ತೀಯಾ ಎಂದು ಇಸ್ತ್ರಿ ಮಾವ ಅಕ್ಕನನ್ನು ಕೇಳಿದಾಗ, ನೀರೇನು ತಪ್ಪು ಮಾಡಿದೆ ಎಂದಳಂತೆ. ಆದರೆ ಅವಳ ಬೆರಳಿಗೆ ಹಿಂಡುವ ಬಲ ಬರಲೇ ಇಲ್ಲ. ಆಸ್ಪತ್ರೆಯವರು ಬಟ್ಟೆ ಬೇರೆಯವರಿಗೆ ಕೊಟ್ಟರು. ಲಾಡ್ಜಿನ ಒಂದು ಗಂಟು ಮಾತ್ರ ಉಳಿಯಿತು.

ಈಗ ಮೀನಣ್ಣ ಬೆಳಿಗ್ಗೆ ಶೆಡ್ಡಿಗೆ ಬಂದು ಆ ಗಂಟು ಒಗೆಯುತ್ತಾನೆ. ಬೇರೆ ಕೆಲಸ ಅವನಿಗೆ ಯಾರೂ ಕೊಟ್ಟಿಲ್ಲ. ಅವನು ಕೇಳಿಯೂ ಇಲ್ಲ. ದೊಡ್ಡ ಹಾಸು ಹಿಂಡಲು ಇಬ್ಬರು ಬೇಕು. ಒಂದು ತುದಿಯನ್ನು ಅಕ್ಕ ಮೊಣಕೈಗೆ ಸುತ್ತಿಕೊಂಡು ನಿಲ್ಲುತ್ತಾಳೆ, ಇನ್ನೊಂದು ತುದಿಯಲ್ಲಿ ಅವನು ತಿರುಚುತ್ತಾನೆ. ನೀರು ಸುರಿದು ಮುಗಿಯುವವರೆಗೂ ಅವಳ ಕಣ್ಣು ಬಟ್ಟೆಯ ಮೇಲೇ ಇರುತ್ತದೆ. ಸಾಕು ಎನ್ನುತ್ತಾಳೆ, ಮುಂದಿನದು ತೆಗಿ ಎನ್ನುತ್ತಾಳೆ, ಉಂಡೆಯಾ ಎಂದು ಕೇಳುತ್ತಾಳೆ. ಬೇರೆ ಏನನ್ನೂ ಅವಳು ಅವನನ್ನು ಕೇಳುವುದಿಲ್ಲ. ಹಾಸಿನಲ್ಲಿ ಕಲೆ ಉಳಿದಿದೆಯೇ ಎಂದು ತಿಳಿಯಬೇಕಾದರೂ ಪಕ್ಕದ ನಲ್ಲಿಯವಳನ್ನು ಕರೆದು ತೋರಿಸುತ್ತಾಳೆ.