ಬಯಕೆ ಬುತ್ತಿಯ ಬಿಸ್ಕೀಟು

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಒಂದು ಮಾತಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಯಾರಾದರೂ ಹುಡುಗರು ಅಂದುಬಿಟ್ಟರೆ ಆ ದಿನದ ಪಾಠ ಅಲ್ಲಿಗೇ ನಿಲ್ಲುತ್ತದೆ. ಅಂಥ ನಾನು, ಸಿಂದಗಿಯಲ್ಲಿರುವ ತಂಗಿ ಫೋನಿಗೊಂದು ವಿಡಿಯೋ ಕಳಿಸಿ "ಅಣ್ಣಾ, ಇದನ್ನ ತಿನ್ನಬೇಕನಸಾಕತ್ತೈತಿ" ಎಂದಾಗ, ಚಹಾ ಅರ್ಧಕ್ಕೇ ಬಿಟ್ಟು ನಮ್ಮೂರು ಇಂಡಿಯ ಪೇಟೆಗೆ ಹೊರಟೆ.

ವಿಡಿಯೋದಲ್ಲಿ ಒಬ್ಬ ಹೆಣ್ಣುಮಗಳು ಡಬ್ಬಿಯಲ್ಲಿ ಬರುವ ಕೇಕಿನ ಹಿಟ್ಟಿಗೆ ಬೆಣ್ಣೆ ಕಲಸಿ, ಉಂಡೆ ಮಾಡಿ ಒತ್ತಿ, ಬಿಸ್ಕೀಟು ಬೇಯಿಸುತ್ತಿದ್ದಳು. ಆರಿದ ಮೇಲೆ ಒಂದೊಂದರ ಮೇಲೂ ಸಕ್ಕರೆಯ ಬಿಳಿ ಲೇಪ ಸುರಿಯುತ್ತಿದ್ದಳು. ಐದು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ನಾನು ನಂಬಿದೆ.

ಓಡಿದ್ದು ಕೂಸಿನ ಕಿವಿಗೆ ಅಂಜಿ ಅಲ್ಲ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಈಗ ಇರುವವರು ಇಬ್ಬರೇ: ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ ನಿವೃತ್ತನಾದ ಅಪ್ಪ, ಇನ್ನೂ ಮದುವೆಯಾಗದ ನಾನು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆನ್ನುವುದು ಪದ್ಧತಿ. ಆದರೆ ತಂಗಿಯ ಅತ್ತೆ ಫೋನಿನಲ್ಲಿ ನೆಟ್ಟಗೆ ಹೇಳಿಬಿಟ್ಟಿದ್ದರು: "ಇಬ್ಬರು ಗಂಡಸರ ಮನಿಗೆ ಬಾಣಂತನಕ್ಕ ಹ್ಯಾಂಗ ಕಳಸೂದ್ರಿ ಮಾಸ್ತರ? ಹಸೀ ಬಾಣಂತಿ, ಎಳೀ ಕೂಸು. ನೀವರೆ ಏನ ಮಾಡ್ತೀರಿ ಪಾಪ?"

ನನಗೆ ವಿಪರೀತ ಸಿಟ್ಟು ಬಂತು. ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ ಎನ್ನುವುದೇ ಆ ಸಿಟ್ಟಿಗೆ ಕಾರಣ. ಅದೇ ದಿನ ಸಂಜೆ ತಂಗಿ ಸಣ್ಣ ದನಿಯಲ್ಲಿ ಅಂದಳು: "ಅತ್ತಿ ಅನ್ನೂದು ಖರೇ ಐತಿ ಅಣ್ಣಾ. ಆದ್ರ ನಂಗ ನಮ್ಮನಿಗೇ ಬರಬೇಕನಸತೈತಿ. ಅವ್ವ ಇಲ್ಲಂದ್ರೂ ಅದು ಅವ್ವನ ಮನಿ ಅಲ್ಲೇನು?"

ಮುಂದಿನ ವಾರ ಸಿಂದಗಿಯಲ್ಲಿ ಆಕೆಯ ಏಳು ತಿಂಗಳ ಕುಬಸ, ಅಂದರೆ ಸೀಮಂತ. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಬೇಕು, ಆ ಬುತ್ತಿಯನ್ನು ಬೀಗರು ಓಣಿಗೆಲ್ಲ ಹಂಚುತ್ತಾರೆ. ಬುತ್ತಿ ತಿಂದವರು ತವರನ್ನು ಅಳೆಯುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು ಎಲ್ಲವನ್ನೂ ಹೇಳಿ ಮಾಡಿಸಬಹುದಿತ್ತು, ಮಾಡಿಸಿದೆವು ಕೂಡ. ಆದರೆ ಬಾಯಿಬಿಟ್ಟು ಕೇಳಿದ್ದನ್ನು ನಮ್ಮ ಕೈಯಿಂದಲೇ ಮಾಡಿ ಒಯ್ಯಬೇಕೆಂದು ನನಗೆ ಹಟ ಹತ್ತಿತು. ನಮ್ಮ ಮನೆಯಲ್ಲಿ ಒಲೆ ಇನ್ನೂ ಹೊತ್ತುತ್ತದೆ ಎಂದು ತಂಗಿಯ ಅತ್ತೆಗೆ ತೋರಿಸಬೇಕಿತ್ತು.

ಪೇಟೆಯಲ್ಲಿ ಒಂದೇ ಅಂಗಡಿಯಲ್ಲಿ ಆ ಡಬ್ಬಿ ಇತ್ತು. ಅದೂ ಎರಡೇ. ಮೇಲಿನ ಧೂಳು ಒರೆಸಿ, ಮೊಟ್ಟೆ ಇಲ್ಲದ್ದು ಎಂದು ಹಸಿರು ಚುಕ್ಕಿ ನೋಡಿಕೊಂಡು ಎರಡನ್ನೂ ತಂದೆ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಅಪ್ಪ ಚಷ್ಮಾ ಹಾಕಿಕೊಂಡು ಡಬ್ಬಿಯ ಮೇಲಿನದನ್ನೆಲ್ಲ ಟಿಕೆಟ್ಟು ತಪಾಸಣೆ ಮಾಡುವವನ ಹಾಗೆ ಓದಿದ. ನಾನು ಹಿಟ್ಟಿಗೆ ಬೆಣ್ಣೆ ಹಾಕಿ ಕಲಸಿದೆ. ಅದು ಉದುರುದುರಾಗಿ ಕೈಗೆ ಹತ್ತಲೊಲ್ಲದು.

"ನಾದು" ಎಂದ ಅಪ್ಪ. "ನಿಮ್ಮವ್ವ ಏನಂತಿದ್ಲು? ಹಿಟ್ಟ ನಾದಿದಷ್ಟ ರೊಟ್ಟಿ ಮೆತ್ತಗ."

ಜೋಳದ ಹಿಟ್ಟಿನಲ್ಲಿ ಹುಟ್ಟಿ ಬೆಳೆದವರು ನಾವು. ಜೋಳದ ಹಿಟ್ಟಿಗೆ ಜಿಗುಟಿಲ್ಲ. ಬಿಸಿನೀರು ಹಾಕಿ ರಟ್ಟೆ ಸೋಲುವತನಕ ನಾದಿದರೇ ಅದು ಮಾತು ಕೇಳುತ್ತದೆ. ಎಲ್ಲ ಹಿಟ್ಟೂ ಹಾಗೆಯೇ ಎಂದು ನಾವು ತಿಳಿದಿದ್ದೆವು. ಬಿಸಿನೀರು ಚಿಮುಕಿಸಿ ಮೊದಲು ನಾನು ನಾದಿದೆ, ಆಮೇಲೆ ಅಪ್ಪ ಅಂಗಿಯ ತೋಳು ಮಡಚಿ ನಾದಿದ, ಮತ್ತೆ ನಾನು. ಕುಕ್ಕರಿನ ಸೀಟಿ, ರಬ್ಬರು ತೆಗೆದು, ತಳಕ್ಕೆ ಉಪ್ಪು ಹರವಿ, ತಾಟಿನಲ್ಲಿ ಬಿಸ್ಕೀಟು ಜೋಡಿಸಿ ಇಟ್ಟೆವು.

ಬಂದದ್ದನ್ನು ಕಡಿಯಲು ಹೋಗಿ ಅಪ್ಪ ದವಡೆ ಹಿಡಿದುಕೊಂಡ. ಒಂದನ್ನು ಚಹಾದಲ್ಲಿ ಮುಳುಗಿಸಿ ಪೇಪರು ಓದಿ ಮುಗಿಸಿದ. ತೆಗೆದು ನೋಡಿದರೆ ಅದು ಇಟ್ಟ ಹಾಗೇ ಇತ್ತು.

"ಗಟ್ಟಿ ಆಗ್ಯಾವು" ಎಂದ, ನನಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ.

"ನಾದು ಅಂದಾಂವ ಯಾರು?" ಎಂದೆ.

"ನಾದಿದಾಂವ ಯಾರು? ವಿಜ್ಞಾನ ಮಾಸ್ತರ ನೀನೋ ನಾನೋ?"

ಮಾತಿಗೆ ಮಾತು ಬೆಳೆದು ಮಧ್ಯಾಹ್ನದ ಊಟ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಾಡಿದೆವು. ಒಬ್ಬನೇ ಕೂತು ಉಣ್ಣುವಾಗ ನನಗೆ ಅವ್ವನ ನೆನಪಾಗಿ ಅಳು ಬಂತು. ಅವ್ವ ಇದ್ದಿದ್ದರೆ ಆಕೆಗೆ ಈ ಹಿಟ್ಟಿನ ಸ್ವಭಾವ ಬೆರಳ ತುದಿಯಲ್ಲೇ ತಿಳಿದುಬಿಡುತ್ತಿತ್ತು. ನಮ್ಮಿಬ್ಬರನ್ನೂ ಅಡಿಗೆಮನೆಯಿಂದ ಆಚೆ ಅಟ್ಟುತ್ತಿದ್ದಳು. ಅಟ್ಟಿಸಿಕೊಂಡೇ ಬೆಳೆದದ್ದಕ್ಕೆ ಈಗ ಈ ಪಾಡು.

ಕೈ ತೊಳೆದು ಆ ವಿಡಿಯೋ ಮತ್ತೆ ನೋಡಿದೆ. ಹೆಣ್ಣುಮಗಳು ನಾದಿಯೇ ಇರಲಿಲ್ಲ. ಬೆಣ್ಣೆಯ ಜೊತೆ ಹಿಟ್ಟನ್ನು ಮೆಲ್ಲಗೆ ಕೂಡಿಸಿ ಬಿಟ್ಟಿದ್ದಳು, ಅಷ್ಟೇ.

ಇದ್ದ ಇನ್ನೊಂದೇ ಡಬ್ಬಿ ಒಡೆದೆ. ಈ ಸಲ ಅಪ್ಪ ಬಾಗಿಲಲ್ಲಿ ನಿಂತ, ಬಾಯಿ ತೆರೆಯಲಿಲ್ಲ. ಹಿಟ್ಟನ್ನು ಮೆತ್ತಗೆ ಕೂಡಿಸಿದೆ, ಒಂದು ಹನಿ ನೀರು ಹಾಕಲಿಲ್ಲ. ಮೊದಲ ತಾಟು ತೆಗೆದಾಗ ಮನೆ ತುಂಬ ಬೆಣ್ಣೆಯ ಘಮ ಹರಡಿತು. ಮುರಿದರೆ ಮುರಿಯಿತು, ಬಾಯಲ್ಲಿಟ್ಟರೆ ಕರಗಿತು. ಅಪ್ಪ ನಕ್ಕ. ನಾನು ಒಂದನ್ನು ತಿರುಗಿಸಿ ನೋಡಿದೆ. ತಳ ಕರ್ರಗೆ ಹೊತ್ತಿತ್ತು. ಉಪ್ಪು ವಿಪರೀತ ಕಾದಿತ್ತು, ಉರಿ ಸಣ್ಣದು ಮಾಡುವುದನ್ನು ಮರೆತಿದ್ದೆ. ಆ ತಾಟಿನವೆಲ್ಲ ಹಾಗೆಯೇ. ಉರಿ ಇಳಿಸಿ ಇಟ್ಟ ಎರಡನೆಯ ತಾಟಿನವೂ ಅಷ್ಟಿಷ್ಟು ಹೊತ್ತಿದ್ದವು.

ಇಕ್ಕಳ ಎತ್ತಿ ಗೋಡೆಗೆ ಒಗೆದೆ. ತಂಗಿಯ ಅತ್ತೆ ಹೇಳಿದ್ದೇ ಖರೆ, ಈ ಮನೆಗೆ ಬಾಣಂತಿಯನ್ನು ಕರೆತರುವುದು ತಪ್ಪು ಎಂದು ಗಟ್ಟಿಯಾಗಿಯೇ ಅಂದೆ.

ಅಪ್ಪ ಶುಂಠಿ ತುರಿಯುವ ಸಣ್ಣ ತುರಿಮಣೆ ತಂದು, ಪೇಪರು ಹಾಸಿ ನೆಲಕ್ಕೆ ಕೂತ. ಒಂದು ಬಿಸ್ಕೀಟನ್ನು ಅಂಗೈಯಲ್ಲಿ ಕೂಸಿನ ಹಾಗೆ ಹಿಡಿದು, ಕರಿ ತಳವನ್ನು ಮೆಲ್ಲಗೆ ಕೆರೆದ. ಒತ್ತಿದರೆ ಪುಡಿಯಾಗುವಂಥದ್ದು, ಒತ್ತದಿದ್ದರೆ ಕಪ್ಪು ಹೋಗದು. ಹೊಂಬಣ್ಣ ಕಂಡ ಕೂಡಲೇ ನಿಲ್ಲಿಸಿ ಬದಿಗಿಟ್ಟ. ಇನ್ನೊಂದು ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ ನಾನೂ ಚಾಕು ಹಿಡಿದು ಎದುರಿಗೆ ಕೂತೆ. ಹೊತ್ತು ಇಳಿಯುವತನಕ ಇಬ್ಬರೂ ಕೆರೆದೆವು. ಮೂರು ಮುರಿದವು, ಅವನ್ನು ತಿಂದೆವು. ಉಳಿದವು ಇಪ್ಪತ್ತೊಂಬತ್ತು.

ಸಕ್ಕರೆ ಪುಡಿಗೆ ಹಾಲಿನ ಬದಲು ಲಿಂಬೆರಸ ಹಿಂಡಿ, ಕಲಸಿ, ಬಿಸ್ಕೀಟಿನ ಮೇಲೆ ಸುರಿದೆ. ಇಂಡಿಯವರಿಗೆ ಲಿಂಬೆಹಣ್ಣಿಗೇನು ಬರ. ಲೇಪ ಬೆಳಿಗ್ಗೆ ನೋಡಿದರೆ ತೆಳ್ಳಗೆ ಹೊಳೆಯುತ್ತಿತ್ತು. ಅವ್ವ ಲಾಡು ಉಂಡಿ ತುಂಬಿಡುತ್ತಿದ್ದ ಡಬ್ಬಿಯಲ್ಲಿ ಪದರು ಪದರಾಗಿ ತುಂಬಿದೆವು. ಕುಬಸದ ದಿನ ಸಿಂದಗಿಯ ಬಸ್ಸಿನಲ್ಲಿ ಅಪ್ಪ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಎಲ್ಲೆಲ್ಲಿ ತಗ್ಗು ಬರುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಪ್ರತಿ ತಗ್ಗಿಗೂ ಮುಂಚೆ ಡಬ್ಬಿಯನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದ.

ಹಸಿರು ಸೀರೆ, ಕೈತುಂಬ ಬಳೆ ಹಾಕಿಕೊಂಡು ಕೂತಿದ್ದ ತಂಗಿ ಡಬ್ಬಿ ಬಿಚ್ಚಿದ ಕೂಡಲೇ ಒಂದು ಬಾಯಿಗಿಟ್ಟಳು. ಎರಡನೆಯದಕ್ಕೆ ಕೈ ಹಾಕಿದಳು. ಆಕೆಯ ಅತ್ತೆಯೂ ಒಂದನ್ನು ಎತ್ತಿಕೊಂಡರು. ತಿನ್ನಲಿಲ್ಲ. ತಿರುಗಿಸಿ ತಳದ ಮೇಲೆ ಹೆಬ್ಬೆರಳು ಆಡಿಸಿದರು.

"ಯಾರ ಮಾಡ್ಯಾರ್ರಿ ಇವನ್ನ?"

"ನಾವಽ ಮಾಡೇವ್ರಿ ಅವ್ವಾರ" ಎಂದೆ.

"ತಳಾ ಹೊತ್ತಿತ್ತೇನು?"

ಏನಾದರೊಂದು ನೆಪ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅಪ್ಪ ಹೇಳಿಯೇಬಿಟ್ಟ: "ಹೌದ್ರಿ. ಕೆರದು ತಂದೇವಿ."

"ಎಲ್ಲಾನೂ?"

"ಒಂದೂ ಬಿಟ್ಟಿಲ್ರಿ."

ಆಕೆ ಡಬ್ಬಿಯಿಂದ ಇನ್ನೂ ನಾಲ್ಕು ತೆಗೆದು ತಿರುಗಿಸಿ ನೋಡಿದರು. ಆಮೇಲೆ ಅಲ್ಲೇ ಕುಳಿತು ಒಂದನ್ನು ನಿಧಾನವಾಗಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ಮ ಮನ್ಯಾಗ ಗಂಡಸರಿಗೆ ಹೊತ್ತ ರೊಟ್ಟಿ ಹಾಕಿದ್ರ ತಾಟ ಸರಸ್ತಾರ" ಎಂದರು. ನನ್ನ ಕಡೆ ತಿರುಗಿ, "ಮಾಸ್ತರ, ಯಾವಾಗ ಕರಕೊಂಡ ಹೋಗ್ತೀರಿ ನಿಮ್ಮ ತಂಗೀನ?"

ನಾನು ಅಪ್ಪನ ಮುಖ ನೋಡಿದೆ.

"ಆದ್ರ ಕೂಸಿಗೆ ನೀರ ಎರಿಯೂದು ನಿಮ್ಮ ಕೈಲೆ ಆಗೂದಲ್ಲ. ಅದಕ್ಕ ನಾನೂ ಬರ್ತೇನಿ. ಬೀಗರ ಮನ್ಯಾಗ ಬಾಣಂತನ ಮಾಡ್ಯಾಳ ಅಂತ ಮಂದಿ ನಕ್ಕರ ನಗಲಿ."

"ಎಷ್ಟ ತಾಳ್ಮಿ ನೋಡ್ರಿ ಇಬ್ಬರಿಗೂ" ಎಂದಳು ಪಕ್ಕದ ಮನೆಯಾಕೆ. ತಂಗಿ ಬಾಯಲ್ಲಿ ಬಿಸ್ಕೀಟು ಇಟ್ಟುಕೊಂಡೇ ಬಿದ್ದು ಬಿದ್ದು ನಕ್ಕಳು. "ತಾಳ್ಮಿ? ನಮ್ಮಣ್ಣಗ?" ನಗುತ್ತ ನಗುತ್ತ ಆಕೆಯ ಕಣ್ಣಲ್ಲಿ ನೀರು ಬಂತು.

ಈಗ ತಂಗಿ ಇಲ್ಲೇ ಇದ್ದಾಳೆ. ಕೂಸಿಗೆ ಇಪ್ಪತ್ತು ದಿನ. ಅಪ್ಪ ಮುಂದಿನ ಕೋಣೆಗೆ ಹಾಸಿಗೆ ಬದಲಿಸಿದ್ದಾನೆ, ಬೀಗತಿ ಅವ್ವನ ಅಡಿಗೆಮನೆಯಲ್ಲಿ ನಮ್ಮಿಬ್ಬರನ್ನೂ ದಿನಕ್ಕೆ ಹತ್ತು ಸಲ ಬೈಯುತ್ತಾರೆ, ಹೊರಗೆ ಅಟ್ಟುತ್ತಾರೆ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎರೆದು, ಮೆತ್ತನೆಯ ಹಳೆ ಸೀರೆಯಲ್ಲಿ ಸುತ್ತಿ ತರುತ್ತಾರೆ. ನಾನು ಶಾಲೆಗೆ ಹೊರಟು ನಿಂತವನು ಹೊಸ್ತಿಲಲ್ಲೇ ಕಾಯುತ್ತೇನೆ. ಆಕೆ ಕೂಸಿನ ಕಿವಿಗಳನ್ನು ಒಂದೊಂದಾಗಿ ಒರೆಸಿ, ನನ್ನ ಮುಖ ನೋಡುತ್ತಾರೆ.

"ಕಿವಿ ಒಣಗೇ ಅದಾವ, ಹೋಗ್ರಿ ಮಾಸ್ತರ" ಎನ್ನುತ್ತಾರೆ. ಆಮೇಲೇ ನಾನು ಚಪ್ಪಲಿ ಮೆಟ್ಟುತ್ತೇನೆ.